ಧೀರಸೇನನ ಎಡಗೈ

ಕ್ಷೌರದ ಕನ್ನಡಿಯೊಳಗಿರುವ ಮನುಷ್ಯ ಎಡಚ ಎಂಬ ಸಂಗತಿಯನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ, ನನಗೆ ತಿಳಿಯದು. ಮೀಸೆ ಮೂಡಿದ ಪ್ರಾಯದಿಂದ ಮೂವತ್ತು ದಾಟುವವರೆಗೆ ದಿನವೂ ಅವನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರೂ ನಾನಂತೂ ಗಮನಿಸಿರಲಿಲ್ಲ. ನಾನು ಬಲಗೈಯಲ್ಲಿ ಕತ್ತಿ ಹಿಡಿದರೆ ಆ ಮಹಾಶಯ ಎಡಗೈಯಲ್ಲಿ ಹಿಡಿಯುತ್ತಾನೆ, ಅಷ್ಟೇ ನಾಜೂಕಾಗಿ ಕೆನ್ನೆ ಹೆರೆದುಕೊಳ್ಳುತ್ತಾನೆ, ನಾನು ಗಾಯ ಮಾಡಿಕೊಂಡಾಗ ಸೌಜನ್ಯಕ್ಕೆಂಬಂತೆ ತಾನೂ ಮಾಡಿಕೊಳ್ಳುತ್ತಾನೆ. ಇಷ್ಟು ನಿಷ್ಠಾವಂತನಾದ ಒಡನಾಡಿಯ ಒಂದು ದೊಡ್ಡ ಲಕ್ಷಣವೇ ನನ್ನ ಕಣ್ಣಿಗೆ ಬೀಳದಿದ್ದದ್ದಕ್ಕೆ ಕಾರಣವಿದೆ. ನಾನು ಲೇಖಕ. ಅಕ್ಷರ ಇದ್ದಲ್ಲಿ ಮಾತ್ರ ನೋಡುವ ಜಾತಿಯವನು.

ಲೇಖಕನೆಂದರೆ ಎಂಥ ಲೇಖಕ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಹಗಲೆಲ್ಲ ಬಟ್ಟೆಯ ಬೇಲುಗಳ, ಅಂದರೆ ಒತ್ತಿ ಕಟ್ಟಿದ ಮೂಟೆಗಳ, ಪಟ್ಟಿ ಬರೆಯುವುದು, ಸಂಜೆ ವಿನೋಬನಗರದ ಬಾಡಿಗೆ ಮನೆಯ ಜಗಲಿಯಲ್ಲಿ ಮಂಡಕ್ಕಿ ಮುಕ್ಕುತ್ತ ಮಕ್ಕಳಿಗಾಗಿ ಚಿತ್ರಕಥೆ ಕಟ್ಟುವುದು. ಪುಟಕ್ಕೆ ನಾಲ್ಕು ಚಿತ್ರ, ಚಿತ್ರಕ್ಕೊಂದು ಮಾತಿನ ಗುಳ್ಳೆ, ಗುಳ್ಳೆಯೊಳಗೆ ನನ್ನ ಪ್ರತಿಭೆ. ಬೆಂಗಳೂರಿನ ಪ್ರಕಾಶಕರಿಗೆ ಕಳಿಸಿದ ಹಸ್ತಪ್ರತಿಗಳು ತವರಿಗೆ ಹೋದ ಹೆಣ್ಣುಮಕ್ಕಳಿಗಿಂತ ಬೇಗ ಮರಳಿ ಬರುತ್ತಿದ್ದವು. ಕೊನೆಗೆ ನಾನೇ ಸ್ವತಂತ್ರ ಲೇಖಕನೆಂದು ಘೋಷಿಸಿಕೊಂಡೆ. ಸ್ವಾತಂತ್ರ್ಯದ ಸುಖವೆಂದರೆ ಕೃತಿ ರಚನೆ, ಪ್ರಕಾಶನ, ಪ್ರಚಾರ, ಹೊರೆ ಹೊರುವುದು ಮತ್ತು ಬಹುಮಟ್ಟಿಗೆ ಓದುವುದು ಕೂಡ ಒಬ್ಬನದೇ ಹಕ್ಕು. ತಡೆಯುವವರಿಲ್ಲ, ಕೇಳುವವರೂ ಇಲ್ಲ.

ಚಿತ್ರ ಅಚ್ಚಾಗಬೇಕಾದರೆ ಲೋಹದ ಬ್ಲಾಕು ಬೇಕು, ಅದನ್ನು ಬೆಂಗಳೂರಿನಲ್ಲಿ ಮಾಡಿಸಬೇಕು, ಅದು ನನ್ನಂಥವನ ಕೈಗೆಟುಕದ ಮಾತು. ಆಗ ನೆನಪಾದವನು ಕಲ್ಲಪ್ಪ. ನಮ್ಮ ಗಿರಣಿಯ ಬೇಲುಗಳ ಮೇಲೆ ಒತ್ತುವ ಮರದ ಅಚ್ಚುಗಳನ್ನು ಕೆತ್ತುತ್ತಿದ್ದ ಈ ಹಿರಿಯ ಹರಿಹರದವನು; ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದ. ಗಿರಣಿಯ ಹೆಸರು, ನಂಬರು, ನಡುವೆ ಗುರುತಿನ ನವಿಲು, ಇಷ್ಟನ್ನೇ ಮೂವತ್ತು ವರ್ಷ ಕೆತ್ತಿ ಕೆತ್ತಿ ಅವನ ಬೆರಳುಗಳು ಉಳಿಯ ಹಿಡಿಯಂತೆಯೇ ಆಗಿದ್ದವು. ನಾನು ಕಡ್ಡಿಯಂಥ ಕೈಕಾಲು ಗೀಚಿ ಕೊಟ್ಟ ಹಾಳೆಯನ್ನು ಅವನು ಎರಡು ನಿಮಿಷ ನೋಡುತ್ತಿದ್ದ. ವಾರದ ಮೇಲೆ ಮರದ ತುಂಡಿನಲ್ಲಿ ರಾಜಕುಮಾರನೊಬ್ಬ ಉಸಿರಾಡುತ್ತಿದ್ದ. ಕುದುರೆಯ ಮೂಗಿನ ಹೊಳ್ಳೆ ಅರಳಿದ್ದನ್ನು, ಅಜ್ಜಿಯ ಸೆರಗು ಹೆಗಲಿಂದ ಜಾರಿದ್ದನ್ನು ನಾನು ಗೀಚಿರಲೂ ಇಲ್ಲ, ಹೇಳಿರಲೂ ಇಲ್ಲ. ಆ ಮರದ ತುಂಡುಗಳನ್ನು ಕೈಯಲ್ಲಿ ಹಿಡಿದಾಗ ನನ್ನ ಗುಳ್ಳೆಯ ಮಾತುಗಳೆಲ್ಲ ವಾಚಾಳಿತನ ಎನಿಸಿ ನಾಚಿಕೆಯಾಗುತ್ತಿತ್ತು. ನಾಚಿಕೆ ಬಹಳ ಹೊತ್ತು ಉಳಿಯುತ್ತಿರಲಿಲ್ಲವೆನ್ನಿ, ಲೇಖಕರಿಗೆ ಅದು ಕ್ಷಣಿಕ ವ್ಯಾಧಿ.

ಕಲ್ಲಪ್ಪನಲ್ಲಿ ಇನ್ನೊಂದು ವಿಸ್ಮಯವಿತ್ತು. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದೆಲ್ಲ ಅಚ್ಚಿನ ಮರದ ಮೇಲೆ, ಅಲ್ಲಿ ಅಕ್ಷರಗಳು ಕನ್ನಡಿಯೊಳಗಿನಂತೆ ಹಿಂದುಮುಂದಾಗಿರುತ್ತವೆ, ಒತ್ತಿದಾಗ ಮಾತ್ರ ಸರಿಯಾಗಿ ಮೂಡುತ್ತವೆ. ಹೀಗಾಗಿ ಅವನಿಗೆ ಓದಲು ಬರುತ್ತಿದ್ದದ್ದು ಹಿಂದುಮುಂದಾದ ಕನ್ನಡ ಮಾತ್ರ. ಪತ್ರಿಕೆ ಕೊಟ್ಟರೆ ಬಿಸಿಲಿಗೆ ಹಿಡಿದು ಹಾಳೆಯ ಬೆನ್ನಿನ ಕಡೆಯಿಂದ ಸರಾಗವಾಗಿ ಓದುತ್ತಿದ್ದ. "ನೀವೆಲ್ಲಾ ಉಲ್ಟಾ ಓದ್ತೀರಿ ಬಿಡ್ರಿ ಗುಮಾಸ್ತರೆ" ಎಂದು ನನ್ನನ್ನೇ ಛೇಡಿಸುತ್ತಿದ್ದ. ಈ ವಿಸ್ಮಯವೇ ಮುಂದೆ ನನ್ನನ್ನು ಮುಳುಗಿಸೀತೆಂದು ಆಗ ಹೊಳೆಯಲಿಲ್ಲ.

ಪುಸ್ತಕದ ಹೆಸರು 'ಧೀರಸೇನನ ದಿಗ್ವಿಜಯ'. ಮೊದಲ ಪುಟದಲ್ಲಿ ನನ್ನ ಹೆಸರಿನ ಕೆಳಗೆ 'ಚಿತ್ರ: ಕಲ್ಲಪ್ಪ' ಎಂದು ಕೆತ್ತಲು ಹೇಳಿದ ದಿನ ಆ ಮುದುಕ ಉಳಿಯನ್ನು ಕೆಳಗಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಮತ್ತೆ ಎತ್ತಿಕೊಂಡ. ಚೌಕಿಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಅಷ್ಟೂ ಪ್ರತಿಗಳನ್ನು ತಾವೇ ಕೊಳ್ಳುವುದಾಗಿ ಒಪ್ಪಿದ್ದರು: ದೀಪಾವಳಿಗೆ ಹೊಸ ಬಟ್ಟೆ ಕೊಂಡ ಮನೆಯ ಮಕ್ಕಳಿಗೆಲ್ಲ ಒಂದೊಂದು ಧೀರಸೇನ ಉಚಿತ. ಅಚ್ಚಿನ ಮನೆಯಿಂದ ಬಂದ ಕರಡುಗಳನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದೆ. ಒತ್ತು, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣ, ಒಂದೂ ತಪ್ಪಿರಲಿಲ್ಲ. ಹೆಮ್ಮೆಯಿಂದ ಸಹಿ ಹಾಕಿದೆ.

ಅಚ್ಚಾದ ಮೊದಲ ಪ್ರತಿಯನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟೆ. ಪಾರ್ವತಿ ಮಾತುಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡುತ್ತ ಹೋದಳು. ಮೂರನೆಯ ಪುಟಕ್ಕೆ ನಿಂತಳು.

"ಏನ್ರೀ, ನಿಮ್ಮ ಧೀರಸೇನ ಎಡಗೈಲಿ ಉಣ್ತಾನಲ್ರೀ! ಅಜ್ಜಿ ಬೈಯೋದು ಬಿಟ್ಟು ಸುಮ್ನೆ ನೋಡ್ಕಂತ ಕುಂತಾಳೆ!"

ನಾನು ಪುಸ್ತಕ ಕಸಿದುಕೊಂಡು ನೋಡಿದೆ. ಎಡಗೈಯಲ್ಲಿ ಊಟ. ಎಡಗೈಯಲ್ಲಿ ಖಡ್ಗ. ರಾಣಿ ಎಡಗೈಯಿಂದ ತಿಲಕವಿಡುತ್ತಾಳೆ, ರಾಜ ಎಡಗೈಯಿಂದ ದಾನ ಕೊಡುತ್ತಾನೆ, ಭಿಕ್ಷುಕ ಅದನ್ನು ಎಡಗೈಯಲ್ಲೇ ಸ್ವೀಕರಿಸಿ ಎಡಗೈಯಿಂದಲೇ ಹರಸುತ್ತಾನೆ. ಇಡೀ ರಾಜ್ಯವೇ ಎಡಚ! ಆದದ್ದಿಷ್ಟು: ಕಲ್ಲಪ್ಪನ ಪಾಲಿಗೆ ಅಕ್ಷರ ಹುಟ್ಟುವುದೇ ಹಿಂದುಮುಂದಾಗಿ, ಹಾಗಾಗಿ ಅದನ್ನು ಹಾಗೆಯೇ ಕೆತ್ತಿದ. ಚಿತ್ರಕ್ಕೆ ಅಂಥ ನಿಯಮವಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೇಲಿನ ಮೇಲಿನ ನವಿಲು ಎತ್ತ ತಿರುಗಿದರೂ ನವಿಲೇ ತಾನೆ? ನಾನು ಗೀಚಿಕೊಟ್ಟದ್ದನ್ನು ಇದ್ದಂತೆಯೇ ಕೆತ್ತಿದ, ಅದು ಕಾಗದದ ಮೇಲೆ ಎಡಬಲ ಬದಲಾಗಿ ಮೂಡಿತು. ಕರಡು ತಿದ್ದಿದ ಮಹಾಪಂಡಿತ ಗುಳ್ಳೆಯೊಳಗಿನ ಮಹಾಪ್ರಾಣ ಎಣಿಸುತ್ತಿದ್ದ. ಚಿತ್ರಕಥೆಯ ಲೇಖಕನಾಗಿ ನಾನು ನನ್ನ ಪುಸ್ತಕದ ಒಂದು ಚಿತ್ರವನ್ನೂ ನೋಡಿರಲಿಲ್ಲ.

ವ್ಯಾಪಾರಿ ಸಜ್ಜನರು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡೇ ಹಿಂತಿರುಗಿಸಿದರು. "ಕಥಿ ಚಲೋ ಐತೆ, ಚಿತ್ರಾನೂ ಚಲೋ ಅದಾವೆ ಗುಮಾಸ್ತರೆ. ಆದ್ರೆ ಹಬ್ಬದ ದಿವ್ಸ ಹೊಸ ಅರಿವಿ ಜೊತಿಗೆ ಇದನ್ನ ಕೊಟ್ರೆ ತಾಯಂದ್ರು ನನ್ನ ಸುಮ್ನೆ ಬಿಡ್ತಾರೇನ್ರಿ? ಈ ಮಾಲು ನಂಗೆ ಬ್ಯಾಡ." ಆ ಕಾಲದಲ್ಲಿ ಎಡಗೈ ಎಂದರೆ ಮುಖ ಸಿಂಡರಿಸುವ ಮನೆಗಳೇ ಎಲ್ಲ, ನನ್ನ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ.

ಪುಸ್ತಕದ ಕಟ್ಟುಗಳು ಜಗಲಿಯ ಮೇಲೆ ಕುಳಿತವು. ಸೋಮವಾರ ಅಷ್ಟನ್ನೂ ರದ್ದಿಗೆ ಹಾಕುವುದು, ಇನ್ನು ಮುಂದೆ ಬೇಲಿನ ಪಟ್ಟಿ ಬಿಟ್ಟು ಬೇರೇನನ್ನೂ ಬರೆಯದಿರುವುದು ಎಂದು ನಿಶ್ಚಯಿಸಿದೆ. ಇದು ವೈರಾಗ್ಯವೆಂದು ತಿಳಿಯಬೇಡಿ, ಶುದ್ಧ ಕೋಪ. ಕೋಪವನ್ನು ಯಾರ ಮೇಲಾದರೂ ಇಳಿಸಬೇಕಲ್ಲ, ಭಾನುವಾರ ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹರಿಹರದ ರೈಲು ಹತ್ತಿದೆ. ಕಲ್ಲಪ್ಪನಿಗೆ ಅವನ ತಪ್ಪು ತೋರಿಸಿ, ಅವನ ಹೆಸರಿದ್ದ ಪುಸ್ತಕ ಯಾರ ಕೈಗೂ ಹೋಗುವುದಿಲ್ಲವೆಂದು ಹೇಳಿಬಿಡುವುದು ನನ್ನ ಘನ ಉದ್ದೇಶವಾಗಿತ್ತು. ದಾರಿಯುದ್ದಕ್ಕೂ ಆ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಹರಿತ ಮಾಡಿಕೊಂಡೆ.

ಹೊಳೆಯ ದಂಡೆಗೆ ಹತ್ತಿರದ ಅವನ ಮನೆಯಲ್ಲಿ ಊಟದ ಹೊತ್ತು. "ಬರ್ರಿ ಬರ್ರಿ, ಕೂಡ್ರಿ" ಎಂದು ಕಲ್ಲಪ್ಪ ಎದ್ದು ನಿಂತ, ಅವನ ಹೆಂಡತಿ ಕೊಟ್ರಮ್ಮ ನನಗೂ ತಟ್ಟೆ ಹಾಕಿದಳು. ಗೋಡೆಗೊರಗಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಕೊಕ್ಕನೂರಿಗೆ ಕೊಟ್ಟ ಮಗಳ ಮಗಳು ಗಂಗವ್ವ, ಶಾಲೆ ಕಲಿಯಲೆಂದು ಅಜ್ಜನ ಮನೆಗೆ ಬಂದವಳು. ಅವಳ ಎಡಗೈಯನ್ನು ಹಳೆಯ ಸೀರೆಯ ಅಂಚಿನಿಂದ ಸೊಂಟಕ್ಕೆ ಸುತ್ತಿ ಕಟ್ಟಿದ್ದರು. ಬಲಗೈಯಲ್ಲಿ ರೊಟ್ಟಿ ಮುರಿಯಲು ಹೆಣಗುತ್ತಿದ್ದಳು, ಚೂರು ತಟ್ಟೆಯಾಚೆ ಬೀಳುತ್ತಿತ್ತು.

"ಎಡಗೈ ರೂಢಿ ಬಿಡಸಾಕತ್ತೀವಿ" ಎಂದಳು ಕೊಟ್ರಮ್ಮ. "ಸಾಲ್ಯಾಗೂ ಬಲಗೈಲಿ ಬರ್ಯಾಕ ಬರಂಗಿಲ್ಲ. ಎಡಗೈಗೆ ಬಳಪ ಕೊಟ್ರೆ ಕಾಗಿ ಕಾಲು, ಗುಬ್ಬಿ ಕಾಲು ಬರೀತಾಳೆ. ಈಕಿ ತೆಲೀಗೆ ವಿದ್ಯೆ ಹತ್ತಂಗಿಲ್ಲ ಅಂತಾರೆ ಮಾಸ್ತರು. ಹಬ್ಬ ಆದ್ಮೇಲೆ ಕೊಕ್ಕನೂರಿಗೆ ಕಳ್ಸಿಬಿಡ್ತೀವ್ರಿ, ಎಮ್ಮಿ ಕಾಯ್ಕಂಡಿರ್ಲಿ."

ಹುಡುಗಿ ತಲೆಯೆತ್ತಲಿಲ್ಲ. ನಾನು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಅಷ್ಟರಲ್ಲಿ ಕಲ್ಲಪ್ಪ ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕವನ್ನು ಕಂಡು, ಕೈ ತೊಳೆದು ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡ. ತನ್ನ ಹೆಸರನ್ನು ಬೆಳಕಿಗೆ ಹಿಡಿದು ಹಾಳೆಯ ಬೆನ್ನಿನಿಂದ ಓದಿದ. ಆಮೇಲೆ ಮೊಮ್ಮಗಳಿಗೆ ಕಾಣಲೆಂದು ಅವಳ ಮುಂದೆ ನೆಲಕ್ಕಿಟ್ಟು ಪುಟ ತಿರುವತೊಡಗಿದ.

ಮೂರನೆಯ ಪುಟ. ಹುಡುಗಿ ಮೂಗು ಕಾಗದಕ್ಕೆ ತಾಗುವಷ್ಟು ಬಾಗಿದಳು. ಊಟಕ್ಕೆ ಕುಳಿತ ಧೀರಸೇನನನ್ನು ನೋಡಿದಳು, ತನ್ನ ಸೊಂಟವನ್ನು ನೋಡಿಕೊಂಡಳು, ಮತ್ತೆ ಧೀರಸೇನನನ್ನು ನೋಡಿದಳು.

"ಇವಂಗೆ ಯಾರೂ ಕೈ ಕಟ್ಟಿಲ್ಲೇನಜ್ಜಾ?"

ಕಲ್ಲಪ್ಪ ಪುಟಗಳನ್ನು ಹಿಂದೆ ತಿರುವಿದ, ಮುಂದೆ ತಿರುವಿದ. ತನ್ನ ತಪ್ಪು ಅವನಿಗೆ ಆಗ ಕಂಡಿತೆಂದು ನನಗೆ ಗೊತ್ತಾಯಿತು, ಯಾಕೆಂದರೆ ಅವನು ನನ್ನ ಮುಖ ನೋಡಿದ, ನಾನು ಬಂದ ಕಾರಣವನ್ನೂ ಓದಿಕೊಂಡ. ಆ ಕ್ಷಣದಲ್ಲಿ ನಾನು ಎಷ್ಟು ಸಣ್ಣವನಾದೆನೆಂದು ಹೇಳಲಾರೆ. ಅವನು ನಿಧಾನವಾಗಿ ಬಗ್ಗಿ, ಮೊಮ್ಮಗಳ ಸೊಂಟದ ಗಂಟು ಬಿಚ್ಚಿದ.

"ರಾಜ್ರ ಮನ್ಯಾಗೆ ನಡೀತೈತೆ ಅಂದ್ಮೇಲೆ ನಮ್ಮನ್ಯಾಗೆ ಯಾಕ ನಡೀಬಾರ್ದು? ಉಣ್ಣು ಮಗಾ."

ಗಂಗವ್ವ ಎಡಗೈಯಲ್ಲಿ ರೊಟ್ಟಿ ಮುರಿದಳು. ಒಂದು ಚೂರೂ ಆಚೆ ಬೀಳಲಿಲ್ಲ. ಊಟ ಮುಗಿದದ್ದೇ ತಾನಾಗಿಯೇ ಎದ್ದು ಹೋಗಿ ಪಾಟಿ ತಂದು, ಅದರ ಬಲ ಅಂಚಿನಿಂದ ಎಡಕ್ಕೆ ಸರಸರನೆ ಏನೋ ಬರೆದು ಅಜ್ಜನ ಮುಂದೆ ಹಿಡಿದಳು. ನಾನೂ ಬಗ್ಗಿ ನೋಡಿದೆ. ಮಾಸ್ತರರು ಹೇಳಿದ್ದು ಸುಳ್ಳಲ್ಲ, ಕಾಗೆ ಕಾಲು, ಗುಬ್ಬಿ ಕಾಲು. ಇಬ್ಬರು ಶಾಸ್ತ್ರಿಗಳ ಬಳಿ ವ್ಯಾಕರಣ ಕಲಿತ ನನಗೆ ಒಂದಕ್ಷರವೂ ದಕ್ಕಲಿಲ್ಲ.

ಕಲ್ಲಪ್ಪನ ಕಣ್ಣುಗಳು ಅಗಲವಾದವು. ಅವನು ತಡವರಿಸಲಿಲ್ಲ, ಬಿಸಿಲಿಗೆ ಹಿಡಿಯಲಿಲ್ಲ. ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದ: "ಗಂಗವ್ವ. ಕೊಕ್ಕನೂರು." ಆಮೇಲೆ ಹೆಂಡತಿಯನ್ನು ಕೂಗಿಯೇಬಿಟ್ಟ, "ಏ ಇಕಿನ, ಬಾರೆ ಇಲ್ಲಿ! ಹುಡುಗಿ ಬರದಾಳೆ! ನಂಗೆ ಬರೋ ಅಕ್ಷರ ಬರದಾಳೆ!"

ನಾನು ಗೋಡೆಯ ಮೊಳೆಗೆ ತೂಗುಹಾಕಿದ್ದ ಅಂಗೈಯಗಲದ ಕನ್ನಡಿಯನ್ನು ತೆಗೆದು ಪಾಟಿಯ ಎದುರು ಹಿಡಿದೆ. ಕನ್ನಡಿಯೊಳಗೆ ಗಂಗವ್ವ ಇದ್ದಳು, ಕೊಕ್ಕನೂರು ಇತ್ತು, ವ-ಕಾರದ ಒತ್ತು ಸಹ ಇರಬೇಕಾದ ಜಾಗದಲ್ಲೇ ಇತ್ತು. ಆ ಮಗು ಎಷ್ಟು ತಿಂಗಳಿಂದ ಸರಿಯಾಗಿಯೇ ಬರೆಯುತ್ತಿತ್ತೋ, ಎಷ್ಟು ಸಲ ಅದನ್ನು ಒರೆಸಿಹಾಕಿದ್ದರೋ! ಅದನ್ನು ಓದಬಲ್ಲ ಮನುಷ್ಯ ಈ ಸೀಮೆಯಲ್ಲೆಲ್ಲ ಒಬ್ಬನೇ ಒಬ್ಬ ಇದ್ದ, ಅವನು ಅದೇ ಮನೆಯಲ್ಲಿದ್ದ, ಬೆಳಗಿನ ರೈಲಿಗೆ ಹೋಗಿ ಕತ್ತಲಾದ ಮೇಲೆ ಬರುವವನಿಗೆ ಆ ಪಾಟಿ ಕಾಣಸಿಕ್ಕಿರಲಿಲ್ಲ, ಮತ್ತು ಆ ಕೈಯನ್ನು ಕಟ್ಟುತ್ತಿದ್ದ ಮನೆಯೂ ಅವನದೇ ಆಗಿತ್ತು. ನಾನು ಎಷ್ಟೋ ಕಥೆಗಳನ್ನು ಹೆಣೆದಿದ್ದೇನೆ, ಯಾವುದರಲ್ಲೂ ಇಂಥದೊಂದನ್ನು ಹೆಣೆಯುವ ಧೈರ್ಯ ನನಗೆ ಬಂದಿರಲಿಲ್ಲ.

ಸೋಮವಾರ ರದ್ದಿಯ ಅಂಗಡಿಗೆ ಹೋಗಲಿಲ್ಲವೆಂದು ಬೇರೆ ಹೇಳಬೇಕೆ? ಧೀರಸೇನ ದಿಗ್ವಿಜಯವನ್ನೇನೂ ಸಾಧಿಸಲಿಲ್ಲ. ಆದರೆ ಎಲ್ಲಿಂದಲೋ ಸುದ್ದಿ ಹರಿದು ನಮ್ಮ ಓಣಿಯ ದರ್ಜಿಯೊಬ್ಬ ಬಂದ, ಕತ್ತರಿಯನ್ನು ಎಡಗೈಯಲ್ಲಿ ಹಿಡಿಯುವವನು. ಸಾರಥಿ ಎಂಬ ಊರಿನಿಂದ ರೈತನೊಬ್ಬ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು, "ಆ ಎಡಚ ರಾಜಕುಮಾರನ ಬುಕ್ಕು ನಿಮ್ಮತ್ರಾನೇ ಸಿಗೋದೇನ್ರಿ?" ಎಂದು ಕೇಳಿದ. ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಗಂಗವ್ವ ಕೊಕ್ಕನೂರಿಗೆ ಮರಳಲಿಲ್ಲ. ಕಲ್ಲಪ್ಪ ಶಾಲೆಗೆ ಹೋಗಿ ಮಾಸ್ತರರಿಗೆ ಕನ್ನಡಿ ಹಿಡಿದು ತೋರಿಸಿ ಬಂದ. ಆಮೇಲೆ ಅಜ್ಜ ಮೊಮ್ಮಗಳು ಒಂದೇ ಪಾಟಿಯ ಮೇಲೆ ಕನ್ನಡವನ್ನು ನಮ್ಮ ದಿಕ್ಕಿನಿಂದ ಓದಲು ಕಲಿತರು. ಮೊದಲು ಕಲಿತವಳು ಅವಳು.

ಎರಡನೆಯ ಪುಸ್ತಕದ ಹಾಳೆಗಳನ್ನು ಒಯ್ದು ಕೊಟ್ಟ ದಿನ ಕಲ್ಲಪ್ಪ ಉಳಿ ಹಿಡಿದು ಕೇಳಿದ, "ಈ ಸಲ ಧೀರಸೇನನ ಬಲಗೈ ಬಲಕ್ಕೇ ಬರಂಗೆ ಕೆತ್ತಲೇನ್ರಿ? ಈಗ ಗೊತ್ತಾಗೈತೆ ನಂಗೆ." ನಾನು ಏನು ಹೇಳಬೇಕೆಂದು ಯೋಚಿಸುತ್ತಿರುವಾಗ, ಪಾಟಿಯಿಂದ ತಲೆಯೆತ್ತದೆ ಗಂಗವ್ವನೇ ತೀರ್ಪು ಕೊಟ್ಟಳು:

"ಅವಂಗೆ ಎಡಗೈ ರೂಢಿ ಆಗೈತಲ್ಲಜ್ಜಾ. ಬಿಡು, ಕಟ್ಟಬ್ಯಾಡ."

ಕಟ್ಟಲಿಲ್ಲ. ಧೀರಸೇನ ಕೊನೆಯವರೆಗೂ ಎಡಗೈಯಲ್ಲೇ ಉಂಡ.

ಈಗಲೂ ದಿನವೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಲ್ಲುತ್ತೇನೆ. ಎದುರಿನ ಮಹಾಶಯನಿಗೂ ನನ್ನಷ್ಟೇ ಕೂದಲು ನೆರೆತಿದೆ. ಮುಖಕ್ಕೆ ನೊರೆ ಹಚ್ಚಿ ಕತ್ತಿ ತೆಗೆದುಕೊಳ್ಳುವ ಮೊದಲು ಒಂದು ಗಳಿಗೆ ಅವನ ಎಡಗೈಯನ್ನು ನೋಡುತ್ತೇನೆ. ಅದನ್ನು ಯಾರೂ ಕಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಇಬ್ಬರೂ ಕ್ಷೌರಕ್ಕೆ ತೊಡಗುತ್ತೇವೆ.