ಚಪ್ಪಲಿ ಸ್ಟ್ಯಾಂಡಿನ ಮೇಲಿನ ಸರ್ವರ್

ಕಂಪನಿ ನಮ್ಮ ನಾಲ್ವರನ್ನೂ ಒಂದೇ ದಿನ ಕೆಲಸದಿಂದ ತೆಗೆಯಿತು. ಐಡಿ ಕಾರ್ಡ್ ಒಪ್ಪಿಸಿ ಗೇಟಿನ ಹೊರಗೆ ನಿಂತಾಗಲೇ, ಸ್ವಂತದ್ದೊಂದು ಸಾಫ್ಟ್‌ವೇರ್ ಮಾಡೋಣ ಎಂದು ತೀರ್ಮಾನಿಸಿದೆವು. ಬರೆದ ಕೋಡ್ ಇನ್ನು ಯಾರ ಕೈಗೂ ಸಿಗಬಾರದು ಎಂಬ ಹಟ ನನ್ನದು. ಕುಂದಲಹಳ್ಳಿಯ ನನ್ನ ಬಾಡಿಗೆ ಮನೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ನಮ್ಮ ಕೋಡ್ ಇಡಲು ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಇಟ್ಟೆ. ಪಾಸ್‌ವರ್ಡ್‌ನಿಂದ ಒಳಬರುವ ದಾರಿಯನ್ನೇ ಮುಚ್ಚಿದೆ. ನಮ್ಮ ನಾಲ್ವರ ಲ್ಯಾಪ್‌ಟಾಪುಗಳಲ್ಲಿದ್ದ ಡಿಜಿಟಲ್ ಕೀಗಳಿಗೆ ಮಾತ್ರ ಅದು ತೆರೆಯುತ್ತಿತ್ತು.

ಇಂಟರ್‌ನೆಟ್ಟಿಗೆ ಜೋಡಿಸಿದ ದಿನವೇ ಯಾವ್ಯಾವುದೋ ದೇಶದ ಸೈಬರ್ ಕಳ್ಳರು ಬಂದು ಬಾಗಿಲು ತಟ್ಟತೊಡಗಿದರು. ಒಬ್ಬರಿಗೂ ಒಳಗೆ ಬರಲಾಗಲಿಲ್ಲ. ಬಂದವರ ಲೆಕ್ಕವೆಲ್ಲ ದಾಖಲಾಗುವ ಸರ್ವರಿನ ಲಾಗ್‌ನಲ್ಲಿ ಅವರ ಸೋಲನ್ನು ಓದುತ್ತಾ ನಾನು ಬೀಗುತ್ತಿದ್ದೆ.

ಆಮೇಲೆ ಗೆಳೆಯರಿಗೆ ಒಬ್ಬೊಬ್ಬರಾಗಿ ಕೆಲಸ ಸಿಕ್ಕಿತು. ಹೊರಗಿನ ಕೋಡ್ ಮುಟ್ಟುವುದಿಲ್ಲ ಎಂದು ಹೊಸ ಕಂಪನಿಗಳು ಸಹಿ ಹಾಕಿಸಿಕೊಳ್ಳುತ್ತವೆ. ಕೊನೆಯವನು ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡ ಮಗಾ, ನನ್ ಕೀನೂ ತೆಗೆದ್ಬಿಡು" ಅಂದ.

"ತೆಗೀತೀನಿ ಬಿಡು. ನೀನೇನ್ ಅದ್ರಲ್ಲಿ ಕಡಿದು ಕಟ್ಟೆ ಹಾಕಿದ್ದೆ?" ಎಂದು ರೇಗಿ ಫೋನ್ ಇಟ್ಟೆ. ಅವನ ಕೀ ಅಳಿಸಿದೆ. ನನ್ನದೊಂದೇ ಉಳಿಯಿತು.

ನನಗಿನ್ನೂ ಎಲ್ಲೂ ಕೆಲಸ ಸಿಕ್ಕಿಲ್ಲ. "ಇನ್ಯಾರ್ ಬರ್ತಾರೆ ಅಂತ ಅದನ್ನ ಆನ್ ಇಟ್ಟಿದೀರ? ಆಫ್ ಮಾಡ್ರೀ" ಎನ್ನುತ್ತಾಳೆ ಹೆಂಡತಿ. ನಾನು ಲಾಗ್ ತೆರೆದು ನೋಡುತ್ತೇನೆ. ಕಳ್ಳರು ಇವತ್ತೂ ಬಂದು ಬಾಗಿಲು ತಟ್ಟಿ ಹೋಗಿದ್ದಾರೆ. ಒಳಗೆ ಏನೋ ಇದೆ ಎಂದು ಇನ್ನೂ ನಂಬಿರುವವರು ಅವರಷ್ಟೇ.