ಮಾವನ ಮುಂಗೈ ಹಿಡಿದ ದಿನ

ಪೂಜೆಗೆ ಕೂತಿದ್ದ ನನ್ನ ಮಾವನ ಎಡಗೈ ಜೋರಾಗಿ ನಡುಗಿ, ಅಂಗೈ ಮೇಲಿದ್ದ ಲಿಂಗ ಜಾರಿ ಮಡಿಲಿಗೆ ಬಿತ್ತು. ಎತ್ತಿ ಇಟ್ಟುಕೊಂಡರು. ಮತ್ತೆ ಬಿತ್ತು. ಆಮೇಲೆ ಅದನ್ನು ಕೊರಳಲ್ಲಿ ಕಟ್ಟುವ ಕರಡಿಗೆಯೊಳಗಿಟ್ಟು, ಸುಮ್ಮನೆ ಗೋಡೆ ನೋಡುತ್ತ ಕೂತರು.

೧೯೪೮ರ ಬೇಸಿಗೆ ಅದು. ಗಲಭೆಗೆ ಹೆದರಿ ನಾವು ಕೊಳಕೂರ ಬಿಟ್ಟು ಅಫಜಲಪುರದ ನೆಂಟರ ಮನೆ ಸೇರಿದ್ದೆವು. ಮಾವನಿಗೆ ಕೈ ನಡುಗುವ ಕಾಯಿಲೆ ನಾಲ್ಕು ವರ್ಷದ್ದು. ದಿನಾ ಅವರ ಮುಂಗೈ ಹಿಡಿದು ಪೂಜೆ ಮಾಡಿಸುತ್ತಿದ್ದ ನನ್ನ ಗಂಡ, ದನ ನೋಡಿಕೊಳ್ಳಲು ಊರಲ್ಲೇ ಉಳಿದಿದ್ದರು. ನೆಂಟರು ಹಿಡಿಯಲು ಬಂದರೆ ಮಾವ ಬೇಡವೆಂದರು. ಪೂಜೆಯಾಗದೆ ಅವರು ಊಟ ಮುಟ್ಟುವವರಲ್ಲ. ಅವತ್ತಿಗೆ ಎರಡು ದಿನದ ಉಪವಾಸವಾಗಿತ್ತು.

ಮದುವೆಯಾಗಿ ಆರು ವರ್ಷವಾದರೂ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಬಾಗಿಲ ಮರೆಯಿಂದಲೇ ಕೇಳಿದೆ: "ನಾ ಹಿಡಿತೇನ್ರಿ, ಮಾವಾರ."

ಅವರು ಮುಖ ಆಚೆ ತಿರುಗಿಸಿ ಕೈ ಚಾಚಿದರು. ನಾನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರೂ ಆ ನಡುಕ ನನ್ನ ಮೊಣಕೈವರೆಗೆ ಬರುತ್ತಿತ್ತು. ಪೂಜೆ ಮುಗಿದ ಮೇಲೆ ಮೆಲ್ಲಗೆ ಅಂದರು: "ಸೊಸಿ ಮುಂದಿನ ಮಾನ, ಇದೊಂದರೆ ನನ್ನ ಕೈಯಾಗ ಉಳದಿತ್ತವ್ವ. ಇದೂ ಹೋತು."

ಅವತ್ತು ನಾಲ್ಕು ತುತ್ತು ಉಂಡರು. ಮಳೆಗಾಲ ಹಿಡಿಯುವ ಮುಂಚೆ ತೀರಿಕೊಂಡರು. ಕೊಳಕೂರಿಗೆ ಒಯ್ಯಲಾಗದೆ ಯಾರದೋ ಹೊಲದಲ್ಲಿ ಮಣ್ಣು ಮಾಡಿದೆವು. ಮಾವನ ಸೇವೆ ಮಾಡಿದ ಸೊಸೆ ಎಂದು ಜನ ನನ್ನನ್ನು ಹೊಗಳುತ್ತಿದ್ದರು. ಆದರೆ ನಾನು ಕೈ ಹಿಡಿದಷ್ಟು ದಿನವೂ ಅವರು ಒಮ್ಮೆಯೂ ಕತ್ತೆತ್ತಿ ನನ್ನ ಮುಖ ನೋಡಲಿಲ್ಲ.