ಒಳಹೊಕ್ಕು ನೋಡದ ಖೋಲಿಗಳು

೧೯೩೬ನೆಯ ಇಸವಿ ನವೆಂಬರ್ ೨೪, ಮಂಗಳವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಧಾರವಾಡ ಸ್ಟೇಶನ್ನಿನ ಹೊರಗೆ ಟಾಂಗಾದ ದಸ್ತಗೀರಸಾಬರು ಕುದುರೆಯ ಮೈ ತಿಕ್ಕುತ್ತಿದ್ದಾರೆ. ಅಳ್ನಾವರ ಕಡೆಯ ಗಾಡಿ ಬಂದು ನಿಂತಿದೆ. ಕಬ್ಬಿಣದ ಟ್ರಂಕು, ಸುತ್ತಿದ ಹಾಸಿಗೆ ಹೊತ್ತ ತರುಣನೊಬ್ಬ ಮೆಟ್ಟಿಲಿಳಿಯುವುದನ್ನು ಕಂಡೊಡನೆ ಅವರ ಮುಖ ಬಾಡುತ್ತದೆ.

"ಜೂನದಾಗ ಟ್ರಂಕ್ ತಂದ್ರ ಅಂವಾ ವಿದ್ಯಾರ್ಥಿರಿ. ನವೆಂಬರದಾಗ ತಂದ್ರ ನನ್ನ ಕರ್ಮ," ಎನ್ನುತ್ತಾರೆ.

ತರುಣನ ಹೆಸರು ಯಜ್ಞೇಶ್ವರ. ತಂದೆ ರೈಲ್ವೆಯಲ್ಲಿ ಗುಮಾಸ್ತರು. ದಸರೆಯಾದ ಮೇಲೆ ಅವರಿಗೆ ಮಿರಜಿನಿಂದ ಅಳ್ನಾವರಕ್ಕೆ ವರ್ಗವಾಗಿದೆ. ಮಗನೂ ವರ್ಷದ ನಡುವೆ ಕಾಲೇಜು ಬದಲಿಸಬೇಕಾಗಿದೆ. ಕಾಲೇಜು ಸೇರಿಸಿಕೊಂಡಿದೆ, ಆದರೆ ಒಂದು ಕರಾರು: ಇಂದು ಸಂಜೆ ಐದರೊಳಗೆ ಎಲ್ಲಿ ಉಳಿಯುವೆನೆಂದು ತಿಳಿಸಬೇಕು. ಇಲ್ಲವಾದರೆ ಪ್ರವೇಶ ರದ್ದು. ಹಾಸ್ಟೆಲುಗಳು ಜೂನ್‌ನಲ್ಲೇ ತುಂಬಿವೆ; ಇನ್ನು ಯಾರದಾದರೂ ಮನೆಯಲ್ಲಿ ಬಾಡಿಗೆ ಕೋಣೆಯೇ ಗತಿ.

ಖೋಲಿ ಹುಡುಕುವುದು ದಸ್ತಗೀರಸಾಬರ ಕಸುಬಲ್ಲ. ಉಣಕಲ್ಲಿನವರಾದ ಅವರು ಈ ಸ್ಟೇಶನ್ನಿಗೆ ಟಾಂಗಾ ಹಚ್ಚಲು ಬಂದು ಹದಿನೈದು ವರ್ಷವಾಯಿತು. "ಎಲ್ಲಿಗ್ರಿ ಅಂದ್ರ 'ಎಲ್ಲೆರ ಖೋಲಿ ಇದ್ದಲ್ಲಿ' ಅಂತಾರ. ಅದೇನ ಊರಿನ ಹೆಸರಾ? ನಡಬೀದ್ಯಾಗ ಇಳಿಸಿ ಹೋಗಾಕ ಮನಸ ಬರಂಗಿಲ್ಲ. ಹಿಂಗ ಗಂಟ ಬಿತ್ತ ನೋಡ್ರಿ ನನಗ." ಎಷ್ಟು ಮನೆ ಸುತ್ತಿದರೂ ಟಾಂಗಾದ ಬಾಡಿಗೆ ಮಾತ್ರ ಒಂದೇ ಸವಾರಿಯದು.

ಟಾಂಗಾ ಹೊರಡುವ ಮೊದಲೇ ವಿಚಾರಣೆ ಶುರುವಾಗುತ್ತದೆ.

"ಗೊರಕಿ ಹೊಡೀತೀರೇನ್ರಿ ರಾಯರ?"

"ಇಲ್ಲ."

"ಎಲ್ಲಾರೂ ಇಲ್ಲ ಅಂತಾರ. ನಿಮ್ಮ ತಮ್ಮಗ ಕೇಳಿದ್ರ ಏನಂತಾನ?"

ಯಜ್ಞೇಶ್ವರ ಹಾಸಿಗೆಯ ಸುರುಳಿಯನ್ನು ಇನ್ನೊಂದು ಬಗಲಿಗೆ ಬದಲಿಸುತ್ತಾನೆ. "ಹೊಡೀತೇನಿ."

"ಹಾಂ. ಈಗ ಕುಂಡ್ರರಿ."

ಹತ್ತು ಗಂಟೆಯ ಹೊತ್ತಿಗೆ ಸ್ಟೇಶನ್ನಿನ ಹತ್ತಿರದ ಮಾಳಮಡ್ಡಿ ಓಣಿಗಳಲ್ಲಿ ಅರ್ಧ ಮುಗಿದಿವೆ. ಒಂದು ಮನೆಯಲ್ಲಿ ಉಳ್ಳಾಗಡ್ಡಿ ತಿನ್ನುವವರು ಬೇಡ. ಇನ್ನೊಂದರಲ್ಲಿ ಲಗ್ನವಾಗದವರು ಬೇಡ. ಮೂರನೆಯದರಲ್ಲಿ ಖೋಲಿಯೂ ಇದೆ, ಮಾಲಕರ ಒಪ್ಪಿಗೆಯೂ ಇದೆ. ಒಳಗಿರುವ ವಿದ್ಯಾರ್ಥಿಗೆ ಮಾತ್ರ ತನ್ನ ತಾಲೂಕಿನವನೇ ಬೇಕು. "ಇವರೇನ ಹೆಣ್ಣ ನೋಡಾಕತ್ತಾರೇನ್ರಿ?" ಎಂದು ದಸ್ತಗೀರಸಾಬರು ಕುದುರೆಯನ್ನು ಕೇಳುತ್ತಾರೆ.

ಈ ಮನೆಗಳಲ್ಲಿ ಅವರು ಅಂಗಳ ದಾಟುವುದಿಲ್ಲ. ಅದು ಅವರಿಗೂ ಗೊತ್ತು, ಮನೆಯವರಿಗೂ ಗೊತ್ತು. ಅದಕ್ಕೆ ಕುದುರೆ ಹೊಡೆಯುವ ಅವರ ಚಾಬೂಕದ ಬಿದಿರಿನ ಹಿಡಿಕೆಯ ಮೇಲೆ ಎರಡು ಗೀರುಗಳಿವೆ: ಒಂದು ಮಂಚದ ಅಗಲಕ್ಕೆ, ಒಂದು ಟ್ರಂಕಿನ ಉದ್ದಕ್ಕೆ. "ನಾ ಒಳಗ ಹೋಗಂಗಿಲ್ಲ, ನನ್ನ ಕೋಲ ಹೋಗತೈತಿ."

ಮಧ್ಯಾಹ್ನ ಎರಡರ ಹೊತ್ತಿಗೆ ಕುದುರೆ ಒಂದು ಮನೆಯ ಮುಂದೆ ತಾನೇ ನಿಲ್ಲುತ್ತದೆ. ತಾರಾಬಾಯಿಯವರ ಮನೆ. ದಸ್ತಗೀರಸಾಬರು ಹೆಚ್ಚು ಮಂದಿಯನ್ನು ಇಳಿಸಿದ್ದೂ, ಹೆಚ್ಚು ಮಂದಿಯನ್ನು ಮರಳಿ ಹತ್ತಿಸಿಕೊಂಡದ್ದೂ ಇಲ್ಲೇ.

"ಮತ್ತ ಒಬ್ಬನ್ನ ತಂದೇನೋ ದಸ್ತಗೀರಾ? ಹಿಂದಿನಂವಾ ವಾರದಾಗ ಓಡಿಹೋದ," ಎನ್ನುತ್ತಾರೆ ತಾರಾಬಾಯಿ.

"ಅವರಿಗೆ ನಿದ್ದಿ ಭಾಳ ಪ್ರೀತಿ ಇತ್ತರಿ ಬಾಯಾರ. ಇವರು ರೇಲ್ವೆದವರು."

ಹಾಗೆ ಬಂದವರನ್ನು ಓಡಿಸುವವನು ಆ ಖೋಲಿಯಲ್ಲಿ ಮೊದಲಿನಿಂದಲೂ ಇರುವ ದತ್ತು. ಕಾಲೇಜಿನಲ್ಲಿ ವಿಜ್ಞಾನ, ಮನೆಯಲ್ಲಿ ಗಾಯನ. ಬಾಗಿಲಲ್ಲಿ ನಿಂತು ಮೊದಲೇ ಎಚ್ಚರಿಸುತ್ತಾನೆ: "ನಾ ನಸಿಕ್ಲೆ ನಾಕಕ್ಕ ಏಳತೇನಿ. ಮಂದ್ರದ ಷಡ್ಜ ಹಚ್ಚತೇನಿ. ನಡಕ ನಿಲ್ಲಸು ಅನ್ನಬ್ಯಾಡ."

"ನಮ್ಮ ಮನಿ ಗ್ವಾಡಿ ಹಿಂದನ ಎಂಜಿನ್ ತಿರಗಸ್ತಿದ್ರು," ಎನ್ನುತ್ತಾನೆ ಯಜ್ಞೇಶ್ವರ. "ಆದ್ರ ನಾ ಗೊರಕಿ ಹೊಡೀತೇನಿ."

"ಯಾವ ಸುರದಾಗ?"

ಅಂಗಳದಲ್ಲಿ ದಸ್ತಗೀರಸಾಬರು ಬೆಳಗಿನಿಂದ ಮೊದಲ ಬಾರಿ ನಗುತ್ತಾರೆ.

ಕೋಲು ಒಳಗೆ ಹೋಗುತ್ತದೆ. ಗೋಡೆಯಿಂದ ಗೋಡೆಗೆ ಲೆಕ್ಕ ಸರಿಯಿದೆ. ಅಟ್ಟದಿಂದ ಇಳಿಸಿದ ಎರಡನೆಯ ಮಂಚಕ್ಕೆ ಹಗ್ಗ ಬಿಗಿಯುವುದರಲ್ಲೇ ಎರಡು ತಾಸು ಹೋಗುತ್ತದೆ; ದತ್ತು, ಯಜ್ಞೇಶ್ವರ ಇಬ್ಬರೂ ಅದನ್ನು ಒಳಗೆ ಎಳೆದುಕೊಂಡು, ಜಾಗ ಸಾಲದೆ ಬಾಗಿಲು ಮುಚ್ಚಿ, ಗೋಡೆಗೆ ಒತ್ತುತ್ತಾರೆ. ಆಮೇಲೆ ಬಾಗಿಲು ತೆರೆಯುವುದಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು. ಮಂಚ ಅದಕ್ಕೆ ಅಡ್ಡ ಕುಳಿತಿದೆ. ಖೋಲಿ ಸಿಕ್ಕಿದವನೂ ಅದರಲ್ಲಿ ಪಾಲು ಕೊಟ್ಟವನೂ ಒಳಗೇ ಸಿಕ್ಕಿಬಿದ್ದಿದ್ದಾರೆ. ಗಂಟೆ ನಾಲ್ಕು ದಾಟಿದೆ.

"ಕೋಲಿನ ಮ್ಯಾಲ ಬಾಗಲದ ಗೀರ ಇಲ್ಲರಿ," ಎಂದು ದಸ್ತಗೀರಸಾಬರು ತಲೆ ಚಚ್ಚಿಕೊಳ್ಳುತ್ತಾರೆ. "ತಪ್ಪ ನಂದ. ಒಳಗ ನಿಂತ ನೋಡಿದ್ರ ತಾನ ನೆನಪಾಗೂದು?"

ತಾರಾಬಾಯಿ ಒಮ್ಮೆ ಬಾಗಿಲ ಕಡೆ, ಒಮ್ಮೆ ಅವರ ಕಡೆ ನೋಡುತ್ತಾರೆ. ಹೊಸ್ತಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮತ್ತೆ ಅಲ್ಲೇ ನಿಲ್ಲುತ್ತಾರೆ. ದಸ್ತಗೀರಸಾಬರು ಅಂಗಳದಲ್ಲೇ ನಿಂತು ಕೂಗುತ್ತಾರೆ: "ದತ್ತೂರಾಯರ, ನಿಮ್ಮ ಮಂಚ ಎತ್ತಿ ಗ್ವಾಡಿಗಿ ನಿಂದ್ರಸ್ರಿ. ಈಗ ಹೊಸಾದು ಆಚಿ ಗ್ವಾಡಿ ಕಡೆ ಜಗ್ಗರಿ. ಇನ್ನೂ ಜಗ್ಗರಿ. ತಂಬೂರಿ ಸಂಬಾಳಸ್ರಿ."

ಬಾಗಿಲು ತುಸು ತೆರೆಯುತ್ತದೆ. ಯಜ್ಞೇಶ್ವರ ಅಡ್ಡಡ್ಡಲಾಗಿ ಹೊರಬಂದು ಟಾಂಗಾ ಹತ್ತುತ್ತಾನೆ. ಐದಕ್ಕೆ ಎಂಟು ನಿಮಿಷವಿರುವಾಗ ಕಾಲೇಜಿನ ಕಚೇರಿಯಲ್ಲಿ ಅವನ ವಿಳಾಸ ದಾಖಲಾಗುತ್ತದೆ.

ಮರಳುವಾಗ ಕುದುರೆಯದು ನಡಿಗೆ. "ಈ ಓಣ್ಯಾಗ ನಾ ತುಂಬಿಸಿದ ಖೋಲಿ ಭಾಳ ಅದಾವರಿ," ಎನ್ನುತ್ತಾರೆ ದಸ್ತಗೀರಸಾಬರು. "ಒಂದನ್ನೂ ಒಳಗ ಹೊಕ್ಕ ನೋಡಿಲ್ಲ. ಒಮ್ಮೆ ಒಂದರಾಗ ನಿಂತ, ಖಿಡಕಿ ಎಲ್ಲೈತಿ, ಬಾಗಲಾ ಎತ್ತಾಗ ತೆರೀತೈತಿ ನೋಡಬೇಕಂತ ಐತಿ. ಅಷ್ಟರಿ." ಹಿಂದೆ ತಿರುಗುತ್ತಾರೆ. "ರಾಯರ, ಆ ಬಾಗಲಾ ಎಷ್ಟ ತೆರೀತೈತಿ ಅಳದ ಹೇಳ್ರಿ. ಕೋಲಿನ ಮ್ಯಾಲ ಮೂರನೇ ಗೀರ ಹಾಕತೇನಿ."

ಮನೆ ಮುಟ್ಟಿದ ಮೇಲೆ ಯಜ್ಞೇಶ್ವರ ಟ್ರಂಕಿನಿಂದ ಅಳತೆಪಟ್ಟಿ ತೆಗೆದು ಬಾಗಿಲಿನ ಸಂದು ಅಳೆಯುತ್ತಾನೆ. ಹದಿಮೂರು ಇಂಚು.